ಹಳೆಯ ಪಿಕಪ್ ಟ್ರಕ್: ದುರಸ್ತಿಗೆ ಮುನ್ನ ಒಂದು ಲೆಕ್ಕಾಚಾರ

ವ್ಯಾಪಾರಕ್ಕಾಗಿ ಕೊಂಡ ವಾಹನದ ಮೌಲ್ಯವು ಲೆಕ್ಕದ ಪುಸ್ತಕದಲ್ಲಿ ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಇಳಿಮೌಲ್ಯದ ಮೇಲೆ ಶೇ. 15ರಂತೆ ಸವಕಳಿ ತೆಗೆದರೆ, 1 ಲಕ್ಷ ರೂಪಾಯಿಯ ವಾಹನವು 10 ವರ್ಷಗಳ ಕೊನೆಗೆ ಸುಮಾರು 19,700 ರೂಪಾಯಿಗೂ 20 ವರ್ಷಗಳ ಕೊನೆಗೆ 3,900 ರೂಪಾಯಿಗೂ ಇಳಿಯುತ್ತದೆ. ಆದರೆ ಅರ್ಧ ಶತಮಾನ ದಾಟಿದ ಕೆಲವು ವಾಹನಗಳಲ್ಲಿ ಪುಸ್ತಕದ ಬೆಲೆಗೂ ಮಾರುಕಟ್ಟೆಯ ಬೆಲೆಗೂ ಸಂಬಂಧವೇ ಉಳಿಯುವುದಿಲ್ಲ. ಗೋದಾಮಿನ ಮೂಲೆಯಲ್ಲಿ ನಿಂತ ಪಿಕಪ್ಪನ್ನು ಗುಜರಿಗೆ ಕೊಡಬೇಕೇ, ಜೀರ್ಣೋದ್ಧಾರ ಮಾಡಬೇಕೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಅಮೆರಿಕದಲ್ಲಿ 1947ರಿಂದ 1955ರ ಆರಂಭದವರೆಗೆ ತಯಾರಾದ ಷೆವ್ರೊಲೆ 3100 ಇದಕ್ಕೆ ನಿದರ್ಶನ. ರೈತರ ಹಾಗೂ ಸಣ್ಣ ವ್ಯಾಪಾರಿಗಳ ದುಡಿಮೆಯ ವಾಹನವಾಗಿದ್ದ ಈ ಅರ್ಧ ಟನ್ ವರ್ಗದ ಪಿಕಪ್ ಇಂದು ಸಂಗ್ರಾಹಕರ ಅಚ್ಚುಮೆಚ್ಚು. ಬಾಗಿಲಿನ ರಬ್ಬರ್ ಪಟ್ಟಿಯಿಂದ ಹಿಡಿದು ಸರಕು ತೊಟ್ಟಿಯ ಮರದ ಹಲಗೆಯವರೆಗೆ ಅದರ ಬಿಡಿಭಾಗಗಳನ್ನು ಹೊಸದಾಗಿ ತಯಾರಿಸುವುದೇ ಅಲ್ಲಿ ಒಂದು ಉದ್ಯಮ. ಬಿಡಿಭಾಗ ದೊರೆಯುವ ಮಾದರಿಯ ಕೆಲಸ ಅಂದಾಜಿನೊಳಗೆ ಮುಗಿಯಬಹುದು. ಪ್ರತಿ ಭಾಗವನ್ನೂ ಲೇತಿನ ಮೇಲೆ ಮಾಡಿಸಬೇಕಾದಲ್ಲಿ ಖರ್ಚಿಗೆ ಮಿತಿಯಿಲ್ಲ.

ಕೆಲಸದ ಕ್ರಮವೂ ಖರ್ಚನ್ನು ನಿರ್ಧರಿಸುತ್ತದೆ. ಮೊದಲು ಷಾಸಿ, ಕ್ಯಾಬಿನ್ನಿನ ಮೂಲೆಗಳು ಮತ್ತು ತಳದ ತಗಡನ್ನು ತುಕ್ಕಿಗಾಗಿ ಪರೀಕ್ಷಿಸಬೇಕು. ಅನಂತರ ಬ್ರೇಕ್ ಮತ್ತು ಸ್ಟಿಯರಿಂಗ್, ಬಳಿಕ ಎಂಜಿನ್ ಮತ್ತು ವೈರಿಂಗ್, ಬಣ್ಣ ಕೊನೆಗೆ. ತುಕ್ಕಿನ ಮೇಲೆ ಬಳಿದ ಬಣ್ಣ ಎರಡು ಬಾರಿ ಹಣ ಕೇಳುತ್ತದೆ. 3100ರ ಆರಂಭದ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್‌ಗಳಿಗೆ ಬ್ಯಾಬಿಟ್ ಲೋಹದ ಬೇರಿಂಗ್‌ಗಳಿದ್ದು, ಇಂದಿನ ಎಂಜಿನ್ನುಗಳಂತೆ ಪೂರ್ಣ ಒತ್ತಡದಲ್ಲಿ ಎಣ್ಣೆ ತಲುಪುವುದಿಲ್ಲ. ಅದನ್ನು ಹೆದ್ದಾರಿಯ ವೇಗದಲ್ಲಿ ದೀರ್ಘಕಾಲ ಓಡಿಸುವುದು ಸಲ್ಲದು.

ಜೀರ್ಣೋದ್ಧಾರದ ನಂತರ ನಿರ್ವಹಣೆ ಆರಂಭವಾಗುತ್ತದೆ. ಓಡದೆ ನಿಂತ ವಾಹನವೂ ಕೆಡುತ್ತದೆ: ಬ್ಯಾಟರಿ ಇಳಿಯುತ್ತದೆ, ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ, ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿ ಸಿಲಿಂಡರನ್ನು ಒಳಗಿನಿಂದ ತಿನ್ನುತ್ತದೆ. ಬ್ರೇಕ್ ಎಣ್ಣೆಯನ್ನು ಎರಡು ವರ್ಷಗಳಿಗೊಮ್ಮೆ ಬದಲಿಸುವುದು, ಗ್ರೀಸ್ ಹಾಕಿಸುವುದು, ಆಗಾಗ್ಗೆ ಸ್ವಲ್ಪ ದೂರ ಓಡಿಸುವುದು ಅವಶ್ಯ. ಈ ವಾರ್ಷಿಕ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಬೇಕು.

ನಮ್ಮ ದೇಶದಲ್ಲಿ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ, ವಾಣಿಜ್ಯೇತರ ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿ ದೊರೆಯುತ್ತದೆ. ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂ., ಮರುನೋಂದಣಿಗೆ 5,000 ರೂ. ಶುಲ್ಕ ಗೊತ್ತುಪಡಿಸಲಾಯಿತು, ನೋಂದಣಿಯ ಅವಧಿ 10 ವರ್ಷ. ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಗೂ ನಿರ್ವಹಣೆಗಾಗಿ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಸಂಚಾರಕ್ಕಾಗಲಿ ವಾಣಿಜ್ಯಕ್ಕಾಗಲಿ ಅವಕಾಶವಿಲ್ಲ. ಷಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಮಾಡಿದರೆ ಅರ್ಹತೆಯೇ ತಪ್ಪುತ್ತದೆ. ಸರಕು ವಾಹನವೆಂದು ನೋಂದಣಿಯಾದ ಪಿಕಪ್ಪಿನ ಮಾಲೀಕರು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸದೆ ಖರ್ಚಿಗೆ ಕೈಹಾಕಬಾರದು.

ತೆರಿಗೆಯ ದೃಷ್ಟಿಯೂ ಇದಕ್ಕೆ ಹೊಂದಿಕೊಂಡಿದೆ. ಇರುವ ಆಸ್ತಿಯನ್ನು ಉಳಿಸಿಕೊಳ್ಳಲು ಮಾಡಿದ ಖರ್ಚು ಮಾತ್ರ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ಸೃಷ್ಟಿಸುವ ಖರ್ಚು ಅಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವ್ಯಾಪಾರಕ್ಕೆ ಬಳಸದ ವಾಹನದ ದುರಸ್ತಿಯಂತೂ ವ್ಯಾಪಾರದ ಖರ್ಚೇ ಅಲ್ಲ. ಅದು ಮಾಲೀಕರ ಸ್ವಂತ ಹಣದಿಂದ ನಡೆಯಬೇಕು.

ಆದುದರಿಂದ ಪಿಕಪ್ ಸರಕು ಹೊರಬೇಕೇ, ಪರಂಪರೆಯಾಗಿ ಉಳಿಯಬೇಕೇ ಎಂಬುದನ್ನು ಮೊದಲೇ ನಿರ್ಧರಿಸತಕ್ಕದ್ದು. ಆರ್.ಸಿ. ಪುಸ್ತಕ, ವಿಮೆ ಮತ್ತು ಬಿಡಿಭಾಗಗಳ ಲಭ್ಯತೆಯನ್ನು ಪರಿಶೀಲಿಸಿ, ಪ್ರತಿ ಬಿಲ್ಲನ್ನೂ ಪ್ರತ್ಯೇಕ ಕಡತದಲ್ಲಿಟ್ಟು ಮುನ್ನಡೆದರೆ, ಹಳೆಯ ವಾಹನವು ಮನೆತನಕ್ಕೆ ಹೊರೆಯಾಗದೆ ಹೆಮ್ಮೆಯಾಗಿ ಉಳಿಯುತ್ತದೆ.