ಜೇಬು ನೋಡದ ಆಯ್ಕೆ: ಆದೋನಿಯಿಂದ ಒಂದು ಅರ್ಜಿ

ನಾನು ಕನ್ನಡ ಎಂ.ಎ. ವಿದ್ಯಾರ್ಥಿ, 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ ಕಡೆಯವನು. ಚಿಕ್ಕಪ್ಪನ ಮಗಳು ಅಮೆರಿಕದಲ್ಲಿ ಡಿಗ್ರಿ ಓದ್ತೀನಿ ಅಂದಾಗ ಅಜ್ಜಿ ಹೇಳಿದ್ದು: "ರೊಕ್ಕ ಇಲ್ಲ ಅಂತ ಬರೀಬ್ಯಾಡವ್ವಾ, ಸೀಟು ಕೊಡಲ್ಲ." ಈ ಮಾತು ಅರ್ಧ ನಿಜ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳಲ್ಲಿ 'ನೀಡ್-ಬ್ಲೈಂಡ್' ಪದ್ಧತಿ ಇದೆ. ಅಂದ್ರೆ ಜೇಬು ನೋಡದ ಆಯ್ಕೆ, ವಿದೇಶಿಯರಿಗೂ ಅಷ್ಟೆ. ಸೀಟು ಸಿಕ್ಕರೆ, ಮನೆಯವರ ಕೈಲಾಗದಷ್ಟನ್ನು ಲೆಕ್ಕ ಹಾಕಿ ಅವರೇ ಭರಿಸ್ತಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಹಾಗಲ್ಲ, ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದೂ ಆಯ್ಕೆಯಲ್ಲಿ ಗಣನೆಗೆ ಬರುತ್ತೆ. ಹಾಗಂತ ಮುಚ್ಚಿಟ್ಟರೆ? ಅರ್ಜಿಯಲ್ಲೇ ಕೇಳದಿದ್ದರೆ, ಡಿಗ್ರಿ ಮುಗಿಯೋವರೆಗೂ ಅಲ್ಲಿ ನೆರವು ಕೇಳುವಂತಿಲ್ಲ.

ನಮಗೆ ಕಷ್ಟವಾಗಿದ್ದು ಕಾಗದಪತ್ರ. ಅವರು ಕೇಳೋದು ಆದಾಯ ತೆರಿಗೆ ರಿಟರ್ನ್. ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ಆ ತೆರಿಗೆ ಇಲ್ಲ. ಹತ್ತಿ ಬೆಳೆಯೋ ಚಿಕ್ಕಪ್ಪ ರಿಟರ್ನ್ ಸಲ್ಲಿಸಿದವರೇ ಅಲ್ಲ. ಅದನ್ನೇ ಪತ್ರದಲ್ಲಿ ವಿವರಿಸಿ, ತೆಲುಗಿನಲ್ಲಿದ್ದ ಆದಾಯ ಪ್ರಮಾಣಪತ್ರ, ಹತ್ತಿ ಮಾರಿದ ರಸೀದಿಗಳನ್ನು ಇಂಗ್ಲಿಷಿಗೆ ಅನುವಾದಿಸಿ ಲಗತ್ತಿಸಿದೆವು. ಅನುವಾದ ನನ್ನದೇ. ಬಡತನವನ್ನ ವರ್ಣಿಸೋದು ಬೇಡ, ಲೆಕ್ಕ ಕೊಟ್ಟರೆ ಸಾಕು ಅಂತ ಆಗ ತಿಳೀತು. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಕೇಳೋದು ತಪ್ಪಲ್ಲ ಅಂತ ಅಜ್ಜಿ ಈಗ ಒಪ್ಪಿದ್ದಾರೆ.