ವ್ಯಾಪಾರ ಸಂಸ್ಥೆಯ ಜಾಲತಾಣಕ್ಕೆ ಥೀಮ್ ಆಯ್ಕೆ ಮತ್ತು ಅಳವಡಿಕೆ

ಬೆಳಗಾವಿಯ ಎರಕದ ಘಟಕವಿರಲಿ, ಬ್ಯಾಡಗಿಯ ಮೆಣಸಿನಕಾಯಿ ವರ್ತಕರ ಅಂಗಡಿಯಿರಲಿ, ಚನ್ನಪಟ್ಟಣದ ಆಟಿಕೆ ತಯಾರಿಕೆಯಿರಲಿ, ಪರಸ್ಥಳದ ಖರೀದಿದಾರನು ದೂರವಾಣಿ ಕರೆ ಮಾಡುವ ಮುನ್ನ ಸಂಸ್ಥೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ನೋಡುವುದು ಇಂದು ರೂಢಿಯಾಗಿದೆ. ಹೀಗಿದ್ದರೂ ಜಾಲತಾಣದ ಹೊರರೂಪವನ್ನು ನಿರ್ಧರಿಸುವ ಕೆಲಸವನ್ನು ನಮ್ಮ ಅನೇಕ ಉದ್ದಿಮೆದಾರರು ಅದನ್ನು ಮಾಡಿಕೊಡುವವರಿಗೇ ಪೂರ್ಣವಾಗಿ ಒಪ್ಪಿಸಿಬಿಡುತ್ತಾರೆ. ಯಂತ್ರ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವವರು ಇಲ್ಲಿ ಒಂದನ್ನೂ ಕೇಳುವುದಿಲ್ಲ. ಆ ಪ್ರಶ್ನೆಗಳು ಯಾವುವು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಜಗತ್ತಿನ ಜಾಲತಾಣಗಳ ಪೈಕಿ ಐದರಲ್ಲಿ ಎರಡಕ್ಕೂ ಹೆಚ್ಚು ಪಾಲು ವರ್ಡ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. 2003ರಲ್ಲಿ ಮ್ಯಾಟ್ ಮುಲನ್‌ವೆಗ್ ಮತ್ತು ಮೈಕ್ ಲಿಟಲ್ ಇದನ್ನು ಆರಂಭಿಸಿದರು. 2005ರ ಫೆಬ್ರವರಿಯಲ್ಲಿ ಬಂದ 1.5ನೆಯ ಆವೃತ್ತಿಯಲ್ಲಿ ಥೀಮ್ ಎಂಬ ವ್ಯವಸ್ಥೆ ಸೇರಿತು. ಬರಹ, ಚಿತ್ರ, ಸರಕಿನ ವಿವರಗಳು ಒಂದು ಕಡೆ ಉಳಿದುಕೊಳ್ಳುತ್ತವೆ. ಅವು ಯಾವ ಬಣ್ಣದಲ್ಲಿ, ಯಾವ ಅಕ್ಷರದಲ್ಲಿ, ಯಾವ ಜೋಡಣೆಯಲ್ಲಿ ಕಾಣಬೇಕೆಂಬುದನ್ನು ಥೀಮ್ ಎಂಬ ಪ್ರತ್ಯೇಕ ಕಡತಗಳ ಗುಚ್ಛವು ನಿರ್ಧರಿಸುತ್ತದೆ. ಗೋದಾಮಿನ ಸರಕನ್ನು ಮುಟ್ಟದೆ ಅಂಗಡಿಯ ಮುಂಭಾಗವನ್ನು ಹೊಸದಾಗಿ ಕಟ್ಟಿಸಿದಂತೆ, ಥೀಮನ್ನು ಬದಲಾಯಿಸಿದರೂ ಒಳಗಿನ ವಿಷಯ ಹಾಗೆಯೇ ಇರುತ್ತದೆ. ಕನಿಷ್ಠ ತತ್ತ್ವತಃ ಹೀಗೆ. ವ್ಯವಹಾರದಲ್ಲಿ ಇದಕ್ಕಿರುವ ಅಪವಾದಗಳನ್ನು ಮುಂದೆ ನೋಡಲಿದ್ದೇವೆ.

ಆಯ್ಕೆಗೆ ತೊಡಗುವವರನ್ನು ಮೊದಲು ದಾರಿ ತಪ್ಪಿಸುವುದು ಮಾದರಿ ಪುಟ. ಥೀಮ್ ಮಾರುವವರು ತೋರಿಸುವ ಮಾದರಿಯಲ್ಲಿ ನುರಿತ ಛಾಯಾಗ್ರಾಹಕರು ತೆಗೆದ ದೊಡ್ಡ ಚಿತ್ರಗಳಿರುತ್ತವೆ, ಶೀರ್ಷಿಕೆ ಮೂರೇ ಪದಗಳದ್ದಾಗಿರುತ್ತದೆ. ನಮ್ಮಲ್ಲಿರುವುದು ಕಾರ್ಖಾನೆಯ ನೆಲದ ಮೇಲೆ ಮೊಬೈಲಿನಿಂದ ತೆಗೆದ ಬಿಡಿಭಾಗದ ಚಿತ್ರ ಮತ್ತು ಇಪ್ಪತ್ತು ಸಾಲಿನ ಅಳತೆಗಳ ಪಟ್ಟಿ. ಆದ್ದರಿಂದ ಮಾದರಿಯ ಚಿತ್ರಗಳನ್ನೆಲ್ಲ ಕಿತ್ತುಹಾಕಿದ ಮೇಲೆ ಏನು ಉಳಿಯುತ್ತದೆ ಎಂದು ನೋಡಬೇಕು. ಗ್ರಾಹಕನು ಹುಡುಕಿಕೊಂಡು ಬರುವುದು ಸರಕಿನ ಪಟ್ಟಿ, ಅಳತೆ, ವಿಳಾಸ ಮತ್ತು ದೂರವಾಣಿ ಸಂಖ್ಯೆಗಳನ್ನು. ಇವು ಮೊಬೈಲಿನ ಪರದೆಯಲ್ಲಿ ಎರಡು ಬೆರಳೊತ್ತಿನೊಳಗೆ ಸಿಗದಿದ್ದರೆ ಆ ಥೀಮ್ ಎಷ್ಟೇ ಅಂದವಾಗಿದ್ದರೂ ವ್ಯಾಪಾರಕ್ಕೆ ಒದಗುವುದಿಲ್ಲ. ಮುಖಪುಟದಲ್ಲಿ ತಾನಾಗಿ ಸರಿಯುವ ಚಿತ್ರಮಾಲೆಯನ್ನು ನಮ್ಮವರು ಬಹಳ ಇಷ್ಟಪಡುತ್ತಾರೆ; ಅದು ಪುಟವನ್ನು ಭಾರವಾಗಿಸುವುದಲ್ಲದೆ ಬೇರೆ ಉಪಕಾರ ಮಾಡುವುದು ಅಪರೂಪ.

ಪುಟದ ವೇಗವನ್ನು ಅಂದಾಜಿನಿಂದ ಹೇಳಬೇಕಾಗಿಲ್ಲ. ಗೂಗಲ್ ಸಂಸ್ಥೆಯ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನದಲ್ಲಿ ಮಾದರಿ ಪುಟದ ವಿಳಾಸವನ್ನು ಕೊಟ್ಟರೆ ಅಳತೆ ದೊರೆಯುತ್ತದೆ. ಪುಟದ ಮುಖ್ಯ ಭಾಗವು 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಅಲ್ಲಿನ ಮಾನದಂಡ. ಮಾರುವವರ ಮಾದರಿಯೇ ಈ ಪರೀಕ್ಷೆಯಲ್ಲಿ ಸೋತರೆ ನಮ್ಮ ತಾಣ ಗೆಲ್ಲುವ ಸಂಭವ ಕಡಿಮೆ.

ಕನ್ನಡದ ಪರೀಕ್ಷೆ

ಬಹುಪಾಲು ಥೀಮ್‌ಗಳು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಕನ್ನಡದಲ್ಲಿಯೂ ವಿವರ ಕೊಡಬಯಸುವ ಸಂಸ್ಥೆಗಳು ಇದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬೇಕು. ಆಮೇಲೆ ಸರಿಪಡಿಸುವುದು ದುಬಾರಿ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುವಂತಾಗುತ್ತದೆ. ಅಕ್ಷರದ ಗಾತ್ರದ 1.7 ಪಟ್ಟಿನಷ್ಟು ಸಾಲಿನ ಎತ್ತರವಿಟ್ಟರೆ ಓದಲು ಹಿತವಾಗಿರುತ್ತದೆ. ಶೀರ್ಷಿಕೆಗಳಲ್ಲಿ ಅಕ್ಷರಗಳ ನಡುವೆ ಬಿಡಿ ಅಂತರ ಕೊಡುವ ಶೈಲಿಯು ಇಂಗ್ಲಿಷಿನಲ್ಲಿ ಸೊಗಸಾಗಿ ಕಂಡೀತು, ಕನ್ನಡದಲ್ಲಿ ಪದವೇ ಒಡೆದಂತೆ ಕಾಣುತ್ತದೆ. ಪರಿಚ್ಛೇದದ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುವ ಅಲಂಕಾರವೂ ಹಾಗೆಯೇ. ಪದವು ಒತ್ತಕ್ಷರದಿಂದ ಆರಂಭವಾದಲ್ಲಿ ಅದು ಅಂದಗೆಡುವುದುಂಟು. ನಮ್ಮ ಸಂಸ್ಥೆಗಳ ಹೆಸರುಗಳೆಷ್ಟೋ ‘ಶ್ರೀ’ ಎಂಬುದರಿಂದಲೇ ಆರಂಭವಾಗುತ್ತವೆ ಎಂಬುದನ್ನು ಮರೆಯಬಾರದು. ಓರೆ ಅಕ್ಷರಗಳು ಕನ್ನಡದ ಸಂಪ್ರದಾಯದಲ್ಲಿಲ್ಲ. ಬ್ರೌಸರ್ ಅವನ್ನು ಬಲವಂತವಾಗಿ ವಾಲಿಸಿ ತೋರಿಸುತ್ತದೆ.

ಮೆನುವಿನಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂಬುದು ‘ಕಾಂಟ್ಯಾಕ್ಟ್’ ಎಂಬುದಕ್ಕಿಂತ ಹೆಚ್ಚು ಸ್ಥಳ ಬೇಡುತ್ತದೆ. ಇಂತಹ ಐದಾರು ಪದಗಳು ಸೇರಿದರೆ ಒಂದೇ ಸಾಲಿಗೆ ರಚಿಸಿದ ಮೆನು ಎರಡು ಸಾಲಾಗಿ ಮುರಿಯುತ್ತದೆ. ಆದ್ದರಿಂದ ‘ರಾಷ್ಟ್ರೀಯ’, ‘ವೈಶಿಷ್ಟ್ಯ’, ‘ಉತ್ಕೃಷ್ಟ’ ಮೊದಲಾದ ಪದಗಳುಳ್ಳ ನಿಮ್ಮದೇ ಒಂದು ಪರಿಚ್ಛೇದವನ್ನೂ ನಿಜವಾದ ಮೆನು ಹೆಸರುಗಳನ್ನೂ ಹಾಕಿ ತೋರಿಸುವಂತೆ ಕೇಳುವುದು ಲೇಸು. ಅಕ್ಷರಶೈಲಿಗಳ ಕೊರತೆಯೇನೂ ಇಲ್ಲ. ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದವು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. 2024ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.5ನೆಯ ಆವೃತ್ತಿಯಿಂದೀಚೆಗೆ ಅಂತಹ ಅಕ್ಷರಶೈಲಿಗಳನ್ನು ನಮ್ಮದೇ ಸರ್ವರಿಗೆ ಇಳಿಸಿಕೊಳ್ಳುವ ಸೌಲಭ್ಯವೂ ಇದೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಹಳೆಯ ಪದ್ಧತಿಯಲ್ಲಿ ಬೆರಳಚ್ಚು ಮಾಡಿಸಿದ ಕರಪತ್ರದ ಬರಹವನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಇಲ್ಲವಾದರೆ ಓದುಗನಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಹುಡುಕುಯಂತ್ರಕ್ಕೂ ಆ ಬರಹ ಸಿಗುವುದಿಲ್ಲ.

ಉಚಿತ, ಹಣ ಕೊಟ್ಟದ್ದು, ಕದ್ದದ್ದು

ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಲ್ಲಿರುವ ಸಾವಿರಾರು ಥೀಮ್‌ಗಳು ಉಚಿತ. ಹಣ ಕೊಟ್ಟು ಕೊಳ್ಳುವ ಥೀಮ್‌ಗಳಲ್ಲಿ ನಾವು ಮುಖ್ಯವಾಗಿ ತೆರುವುದು ಮುಂದಿನ ಪರಿಷ್ಕರಣೆಗಳಿಗೆ ಮತ್ತು ನೆರವಿಗೆ. ಆದ್ದರಿಂದ ಅವು ಎಷ್ಟು ಕಾಲ ದೊರೆಯುತ್ತವೆ, ನವೀಕರಣದ ಶುಲ್ಕವೆಷ್ಟು, ಪರವಾನಗಿ ಒಂದು ತಾಣಕ್ಕೋ ಅನೇಕಕ್ಕೋ ಎಂದು ವಿಚಾರಿಸಬೇಕು. ಕೊನೆಯ ಪರಿಷ್ಕರಣೆ ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಅಂತಹ ಥೀಮನ್ನು ಉಚಿತವೆಂದರೂ ತೆಗೆದುಕೊಳ್ಳದಿರುವುದು ಒಳ್ಳೆಯದು. ಕೊಳ್ಳುವಾಗ ಸಂಸ್ಥೆಯದೇ ಮಿಂಚಂಚೆಯಿಂದ, ಸಂಸ್ಥೆಯದೇ ಖಾತೆಯಲ್ಲಿ ಕೊಳ್ಳಬೇಕು. ತಾಣ ಮಾಡಿಕೊಟ್ಟವರ ಹೆಸರಿನಲ್ಲಿ ಪರವಾನಗಿ ಇದ್ದು, ಅವರು ಊರು ಬಿಟ್ಟರೆ ಅಥವಾ ಕೆಲಸ ಬಿಟ್ಟರೆ, ಪರಿಷ್ಕರಣೆಗಳು ನಿಂತುಹೋಗುತ್ತವೆ.

ಮೂರನೆಯ ಬಗೆಯೊಂದಿದೆ. ದುಬಾರಿ ಥೀಮ್‌ಗಳನ್ನು ಅಪರಿಚಿತ ತಾಣಗಳು ಪುಕ್ಕಟೆಯಾಗಿ ಹಂಚುತ್ತವೆ, ಕಡಿಮೆ ದರಕ್ಕೆ ಕೆಲಸ ಒಪ್ಪಿಕೊಂಡವರು ಕೆಲವೊಮ್ಮೆ ಅವನ್ನೇ ತಂದು ಹಾಕುತ್ತಾರೆ. ಇಂತಹವುಗಳೊಳಗೆ ಗುಪ್ತ ಸಂಕೇತಗಳನ್ನು ಸೇರಿಸಿರುವುದುಂಟು. ನಮ್ಮ ಪುಟದಲ್ಲಿ ಕಾಣದಂತೆ ಜೂಜಿನ ತಾಣಗಳ ಕೊಂಡಿಗಳು ಸೇರಿಕೊಳ್ಳುತ್ತವೆ, ಗ್ರಾಹಕನು ಬೇರೆಲ್ಲಿಗೋ ಸಾಗಿಸಲ್ಪಡುತ್ತಾನೆ, ಕೊನೆಗೆ ಬ್ರೌಸರ್ ಕೆಂಪು ಎಚ್ಚರಿಕೆಯನ್ನು ತೋರಿಸಿ ಪ್ರವೇಶವನ್ನೇ ತಡೆಯುತ್ತದೆ. ಪ್ರಾಮಾಣಿಕವಾಗಿ ಪಡೆದ ಥೀಮಿಗೂ ಅಪಾಯ ಇಲ್ಲದಿಲ್ಲ. ಅನೇಕ ಥೀಮ್‌ಗಳ ಜೊತೆ ಬರುತ್ತಿದ್ದ ಟಿಮ್‌ಥಂಬ್ ಎಂಬ ಚಿತ್ರ ಕುಗ್ಗಿಸುವ ಕಡತದಲ್ಲಿ 2011ರ ಆಗಸ್ಟ್‌ನಲ್ಲಿ ದೋಷ ಪತ್ತೆಯಾಗಿ ಬಹಳಷ್ಟು ತಾಣಗಳು ದಾಳಿಗೆ ಸಿಕ್ಕವು. 2021ರ ಸೆಪ್ಟೆಂಬರ್‌ನಲ್ಲಿ ಆಕ್ಸೆಸ್‌ಪ್ರೆಸ್ ಥೀಮ್ಸ್ ಸಂಸ್ಥೆಯ ತಾಣಕ್ಕೇ ನುಗ್ಗಿದ ದುಷ್ಕರ್ಮಿಗಳು ಅಲ್ಲಿಂದ ವಿತರಣೆಯಾಗುತ್ತಿದ್ದ ಥೀಮ್‌ಗಳಲ್ಲಿ ಕಳ್ಳಬಾಗಿಲನ್ನಿಟ್ಟಿದ್ದರು. ವಿಷಯ ಬಹಿರಂಗವಾದದ್ದು 2022ರ ಜನವರಿಯಲ್ಲಿ. ಬಳಸದೆ ಬಿದ್ದಿರುವ ಥೀಮ್‌ಗಳನ್ನು ಅಳಿಸಿ, ಬಳಕೆಯಲ್ಲಿರುವುದನ್ನು ಆಗಿಂದಾಗ್ಗೆ ಪರಿಷ್ಕರಿಸುತ್ತಿರಬೇಕೆಂಬುದಕ್ಕೆ ಕಾರಣ ಇದೇ. ವರ್ಡ್‌ಪ್ರೆಸ್‌ನವರೇ ಒದಗಿಸುವ ಮೂಲ ಥೀಮ್ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕು. ತೊಂದರೆ ಬಂದಾಗ ದೋಷ ಥೀಮಿನಲ್ಲಿದೆಯೇ ಅಲ್ಲವೇ ಎಂದು ತಿಳಿಯಲು ಅದು ಬೇಕಾಗುತ್ತದೆ.

ಅಳವಡಿಕೆ

ಥೀಮ್ ಬದಲಾವಣೆಗೆ ಒಂದು ಗುಂಡಿ ಒತ್ತಿದರೆ ಸಾಕು. ತೊಂದರೆಯ ಮೂಲವೂ ಅದೇ ಸುಲಭತೆ. ಮೊದಲು ಕಡತಗಳ ಮತ್ತು ದತ್ತಸಂಚಯದ ಪ್ರತಿಯನ್ನು ತೆಗೆದಿಟ್ಟುಕೊಂಡು, ಹೋಸ್ಟಿಂಗ್ ಸಂಸ್ಥೆಯಲ್ಲಿ ಪರೀಕ್ಷಾ ತಾಣದ ಸೌಲಭ್ಯವಿದ್ದರೆ ಅಲ್ಲಿ ಬದಲಾವಣೆ ಮಾಡಿ ನೋಡಬೇಕು. ಹಳೆಯ ಮಾದರಿಯ ಥೀಮ್‌ಗಳಲ್ಲಿ ಮೆನುವಿನ ಸ್ಥಾನ, ಪಕ್ಕದ ಪಟ್ಟಿ, ಹೆಚ್ಚುವರಿಯಾಗಿ ಬರೆಸಿದ ಶೈಲಿ ಸೂಚನೆಗಳು ಹೊಸ ಥೀಮಿಗೆ ತಾವಾಗಿ ಬಾರದಿರಬಹುದು. ಭೇಟಿಗಾರರ ಲೆಕ್ಕವಿಡುವ ಸಂಕೇತವನ್ನು ಯಾರಾದರೂ ಥೀಮಿನ ಕಡತದಲ್ಲಿಯೇ ಬರೆದಿದ್ದರೆ ಅದೂ ಮಾಯವಾಗುತ್ತದೆ, ಲೆಕ್ಕ ಶೂನ್ಯಕ್ಕಿಳಿದ ಮೇಲಷ್ಟೇ ಅದು ಗಮನಕ್ಕೆ ಬರುತ್ತದೆ. ಥೀಮಿನ ಜೊತೆಗೇ ಬಂದ ಪುಟ ರಚನಾ ಸಾಧನದಿಂದ ಕಟ್ಟಿದ ಪುಟಗಳ ಸ್ಥಿತಿ ಇನ್ನೂ ಕಷ್ಟ. ಆ ಸಾಧನವನ್ನು ತೆಗೆದೊಡನೆ ಬರಹದ ನಡುವೆ ಚೌಕ ಆವರಣಗಳ ವಿಚಿತ್ರ ಸಂಕೇತಗಳು ಉಳಿಯಬಹುದು. ಇಂತಹ ಕಟ್ಟುಪಾಡಿಗೆ ಸಿಲುಕದಿರುವುದೇ ಆಯ್ಕೆಯ ಹಂತದಲ್ಲಿನ ಜಾಣತನ.

ಥೀಮಿನ ಮೂಲ ಕಡತಗಳನ್ನು ನೇರವಾಗಿ ತಿದ್ದಿಸಬಾರದು. ಮುಂದಿನ ಪರಿಷ್ಕರಣೆ ಬಂದಾಗ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ತಿದ್ದುಪಡಿಗಳನ್ನು ಚೈಲ್ಡ್ ಥೀಮ್ ಎಂಬ ಪ್ರತ್ಯೇಕ ಪುಟ್ಟ ಕಡತಕೋಶದಲ್ಲಿರಿಸುವುದು ಕ್ರಮ. 2022ರ ಜನವರಿಯಲ್ಲಿ 5.9ನೆಯ ಆವೃತ್ತಿಯೊಡನೆ ಬಳಕೆಗೆ ಬಂದ ಬ್ಲಾಕ್ ಥೀಮ್‌ಗಳಲ್ಲಿ ಬಣ್ಣ, ಅಕ್ಷರ, ತಲೆಭಾಗಗಳನ್ನು ಸೈಟ್ ಎಡಿಟರಿನಲ್ಲಿ ನಾವೇ ತಿದ್ದಬಹುದು. ಅವು ದತ್ತಸಂಚಯದಲ್ಲಿ ಉಳಿಯುವುದರಿಂದ ಪರಿಷ್ಕರಣೆಯಿಂದ ಬಾಧೆಯಿಲ್ಲ. ಹೊಸದಾಗಿ ತಾಣ ಮಾಡಿಸುವ ಸಣ್ಣ ಸಂಸ್ಥೆಗಳಿಗೆ ಇವೇ ಮೇಲೆಂಬುದು ನಮ್ಮ ಅಭಿಪ್ರಾಯ.

ಹೊಸ ಥೀಮಿನ ಅಡಿಭಾಗದಲ್ಲಿ ಶಾಸನಬದ್ಧ ವಿವರಗಳಿಗೆ ಸ್ಥಳವಿರಬೇಕು. 2014ರ ಕಂಪನಿಗಳ (ಸಂಸ್ಥಾಪನೆ) ನಿಯಮಗಳ 26ನೆಯ ನಿಯಮದಂತೆ ಜಾಲತಾಣ ಹೊಂದಿರುವ ಕಂಪನಿಯು ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿ ಗುರುತಿನ ಸಂಖ್ಯೆ, ದೂರವಾಣಿ, ಮಿಂಚಂಚೆ ಹಾಗೂ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರನ್ನು ಮುಖಪುಟದಲ್ಲಿಯೇ ಪ್ರಕಟಿಸಬೇಕು. ತಾಣದ ಮೂಲಕವೇ ಗ್ರಾಹಕರಿಗೆ ಮಾರಾಟ ಮಾಡುವವರಿಗೆ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರ ಕಾಣುವಂತಿರಬೇಕು, ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಬೇಕು. ಹಳೆಯ ಥೀಮಿನ ಅಡಿಭಾಗದಲ್ಲಿದ್ದ ಈ ವಿವರಗಳು ಬದಲಾವಣೆಯ ವೇಳೆ ಬಿದ್ದುಹೋಗುವುದು ಸಾಮಾನ್ಯವಾದ್ದರಿಂದ ಲೆಕ್ಕಪರಿಶೋಧಕರಿಗೂ ಒಮ್ಮೆ ತೋರಿಸುವುದು ಸೂಕ್ತ.

ಬದಲಾವಣೆ ಮುಗಿದ ದಿನವೇ ವಿಚಾರಣಾ ನಮೂನೆಯನ್ನು ಹೊರಗಿನ ಒಂದು ಮೊಬೈಲಿನಿಂದ ಭರ್ತಿ ಮಾಡಿ ಕಳುಹಿಸಿ, ಅದು ಕಚೇರಿಯ ಮಿಂಚಂಚೆಗೆ ತಲುಪಿತೇ ಎಂದು ನೋಡಬೇಕು. ‘ಧನ್ಯವಾದಗಳು’ ಎಂದು ಪರದೆಯ ಮೇಲೆ ಕಾಣಿಸಿದ ಮಾತ್ರಕ್ಕೆ ಪತ್ರ ಬಂದಿದೆಯೆಂದು ಭಾವಿಸಲಾಗದು. ಸ್ಪ್ಯಾಮ್ ಪೆಟ್ಟಿಗೆಯನ್ನೂ ತೆರೆದು ನೋಡಬೇಕು.