ಹೊಗೆ ಉಗುಳುವ ಗಾಡಿಗೆ ಯಾವ ಎಣ್ಣೆ?

ಪುಣೆಯ ಕೇಳುಗರೊಬ್ಬರು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಒಂದು ಪತ್ರ ಬರೆದಿದ್ದರು. ಮೈಸೂರಿನಲ್ಲಿ ಅವರ ತಂದೆ ಓಡಿಸುತ್ತಿದ್ದ ಯೆಜ್ಡಿಯನ್ನು ರೈಲಿನ ಪಾರ್ಸೆಲ್‌ನಲ್ಲಿ ಪುಣೆಗೆ ತರಿಸಿಕೊಂಡಿದ್ದಾರೆ. ಭಾನುವಾರ ಬೆಳಗ್ಗೆ ಒಂದು ಸುತ್ತು ಹೋಗಿಬರುವುದು, ಅಷ್ಟೇ ಅವರ ಆಸೆ. ಆದರೆ ಕಿಕ್ ಹೊಡೆದ ಕೂಡಲೇ ಸೊಸೈಟಿಯ ಅಂಗಳದ ತುಂಬ ಹೊಗೆ. ನೆಲಮಹಡಿಯ ಮನೆಯಲ್ಲಿ ಉಬ್ಬಸ ಇರುವ ಮಗುವೊಂದಿದೆ. ಸೊಸೈಟಿಯ ಕಾರ್ಯದರ್ಶಿಗಳು ಬಂದು, ಇನ್ನು ಮುಂದೆ ಗೇಟಿನ ಒಳಗೆ ಈ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಹೋಗಿದ್ದಾರೆ. "ಮಾರಲು ಮನಸ್ಸಿಲ್ಲ. ಆ ಮಗುವಿಗೆ ತೊಂದರೆ ಕೊಡಲೂ ಮನಸ್ಸಿಲ್ಲ. ಎಣ್ಣೆ ಬದಲಾಯಿಸಿದರೆ ಹೊಗೆ ಕಡಿಮೆಯಾಗುತ್ತದೆಯೇ?" ಇದು ಅವರ ಪ್ರಶ್ನೆ.

ಆಗುತ್ತದೆ, ಆದರೆ ಎಣ್ಣೆಯ ಜಾತಿಯಷ್ಟೇ ಅದರ ಅಳತೆಯನ್ನೂ ನೋಡಬೇಕು ಎಂದು ಪ್ರಸಾರದಲ್ಲಿ ಎರಡು ನಿಮಿಷದೊಳಗೆ ಉತ್ತರ ಮುಗಿಸಬೇಕಾಯಿತು. ಉಳಿದದ್ದನ್ನು ಇಲ್ಲಿ ಹೇಳುತ್ತೇವೆ. ನಿಮ್ಮಲ್ಲಿ ಯೆಜ್ಡಿ ಇಲ್ಲದಿರಬಹುದು. ಹಳೆಯ ಆರ್‌ಎಕ್ಸ್ 100 ಇರಬಹುದು, ಚೇತಕ್ ಇರಬಹುದು. ಏನೂ ಇಲ್ಲದಿದ್ದರೂ ನಿಮ್ಮ ಸೊಸೈಟಿಯ ಮಾಲಿಯ ಹೆಗಲಲ್ಲಿ ಹುಲ್ಲು ಕತ್ತರಿಸುವ ಮಷಿನ್ ಇದ್ದೀತು. ಊರಿನಲ್ಲಿ, ಶಿರಸಿ ಕಡೆಯೋ ತೀರ್ಥಹಳ್ಳಿ ಕಡೆಯೋ, ಅಡಿಕೆ ತೋಟದಲ್ಲಿ ಕಳೆ ಹೊಡೆಯಲು ನಿಮ್ಮ ಅಣ್ಣನೋ ಭಾವನೋ ಇಂಥದೇ ಮಷಿನ್ ಇಟ್ಟುಕೊಂಡಿರಬಹುದು. ಇವುಗಳಲ್ಲಿ ಬಹುಪಾಲು ಟೂ ಸ್ಟ್ರೋಕ್ ಇಂಜಿನ್ನಿನವೇ.

ಮೊದಲು ಹೊಗೆ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಇಂದಿನ ಫೋರ್ ಸ್ಟ್ರೋಕ್ ಬೈಕಿನಲ್ಲಿ ಇಂಜಿನ್ ಆಯಿಲ್ ಕೆಳಗಿನ ತೊಟ್ಟಿಯಲ್ಲಿ ಇರುತ್ತದೆ. ಅದೇ ಎಣ್ಣೆ ಮತ್ತೆ ಮತ್ತೆ ಸುತ್ತುತ್ತದೆ, ಸುಡುವ ಜಾಗಕ್ಕೆ ಹೋಗುವುದಿಲ್ಲ. ಟೂ ಸ್ಟ್ರೋಕ್‌ನಲ್ಲಿ ಆ ವ್ಯವಸ್ಥೆಯೇ ಇಲ್ಲ. ಪೆಟ್ರೋಲ್ ಮತ್ತು ಗಾಳಿ ಕ್ರ್ಯಾಂಕ್ ತಿರುಗುವ ಕೋಣೆಯ ಮೂಲಕವೇ ಸಿಲಿಂಡರಿಗೆ ಹೋಗಬೇಕು. ಹಾಗಾಗಿ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರುತ್ತದೆ. ಬೇರಿಂಗನ್ನೂ ಪಿಸ್ಟನ್ನನ್ನೂ ಸವರಿಕೊಂಡು ಹೋಗಿ ಕೊನೆಗೆ ಸೈಲೆನ್ಸರ್ ಮೂಲಕ ಹೊರಬೀಳುತ್ತದೆ. ಅಂದರೆ ನೀವು ಹಾಕಿದ ಎಣ್ಣೆಯೆಲ್ಲ, ಸುಟ್ಟೋ ಸುಡದೆಯೋ, ಒಂದಲ್ಲ ಒಂದು ದಾರಿಯಲ್ಲಿ ಖರ್ಚಾಗಿ ಹೋಗುವಂಥದೇ.

ಒಗ್ಗರಣೆಗೆ ಇಟ್ಟ ಎಣ್ಣೆ ಕಾದು ಮಿತಿಮೀರಿದಾಗ ಬಾಣಲೆಯಿಂದ ಏಳುವ ನೀಲಿ ಮಿಶ್ರಿತ ಬಿಳಿ ಹೊಗೆಯನ್ನು ನೋಡಿದ್ದೀರಲ್ಲ? ಎಣ್ಣೆಗೆ ಬೆಂಕಿ ಹತ್ತಿರುವುದಿಲ್ಲ, ಆವಿಯಾಗಿ ಎದ್ದು ಗಾಳಿಯಲ್ಲಿ ಸಣ್ಣ ಸಣ್ಣ ಹನಿಗಳಾಗಿರುತ್ತದೆ. ಟೂ ಸ್ಟ್ರೋಕ್ ಗಾಡಿಯ ಹೊಗೆಯೂ ಬಹುಮಟ್ಟಿಗೆ ಅದೇ: ಸುಡದೆ ಉಳಿದ ಎಣ್ಣೆಯ ಹನಿಗಳು. ಲಾರಿಯ ಕರಿ ಹೊಗೆಯೇ ಬೇರೆ, ಇದೇ ಬೇರೆ. ಈ ಹನಿಗಳು ಎಷ್ಟು ಸಣ್ಣವೆಂದರೆ ಉಸಿರಿನೊಂದಿಗೆ ಶ್ವಾಸಕೋಶದ ಒಳಕ್ಕೆ ಇಳಿಯುತ್ತವೆ. ಉಬ್ಬಸದ ಮಗುವಿನ ತಾಯಿ ಸಿಡಿಮಿಡಿಗೊಂಡರೆ ತಪ್ಪೇನಿಲ್ಲ.

ಈಗ ಎಣ್ಣೆಯ ವಿಷಯಕ್ಕೆ ಬರೋಣ. ಹಳೆಯ ಕಾಲದ ಖನಿಜ ಎಣ್ಣೆಗಳಲ್ಲಿ ದಪ್ಪನೆಯ, ಸುಲಭವಾಗಿ ಸುಡದ ಒಂದು ಅಂಶ ಇರುತ್ತಿತ್ತು. ಪಿಸ್ಟನ್ನಿಗೆ ರಕ್ಷಣೆ ಕೊಡುತ್ತಿದ್ದುದು ಅದೇ, ಹೊಗೆ ಎಬ್ಬಿಸುತ್ತಿದ್ದುದೂ ಅದೇ. ಕಡಿಮೆ ಹೊಗೆಯ ಎಣ್ಣೆ ತಯಾರಿಸುವವರು ಆ ದಪ್ಪ ಅಂಶದ ಬಹುಭಾಗ ತೆಗೆದು ಪಾಲಿಐಸೊಬ್ಯುಟಿಲೀನ್ ಎಂಬ ಕೃತಕ ವಸ್ತುವನ್ನು ಸೇರಿಸುತ್ತಾರೆ. ಹೆಸರು ಉದ್ದ, ಕೆಲಸ ಸರಳ. ಪಿಸ್ಟನ್ನಿನ ಮೇಲೆ ಎಣ್ಣೆಯಂತೆಯೇ ಅಂಟಿಕೊಂಡಿರುತ್ತದೆ, ಬಿಸಿ ಹೆಚ್ಚಾದಾಗ ಸಣ್ಣ ತುಣುಕುಗಳಾಗಿ ಒಡೆದು ಹೆಚ್ಚು ಶೇಷ ಉಳಿಸದೆ ಆವಿಯಾಗಿ ಸುಟ್ಟುಹೋಗುತ್ತದೆ.

ಡಬ್ಬದ ಮೇಲೆ ಇದನ್ನು ಹೇಗೆ ಗುರುತಿಸುವುದು? "ಸ್ಮೋಕ್‌ಲೆಸ್" ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ನಂಬಬೇಡಿ, ಅದು ಜಾಹೀರಾತು. ಡಬ್ಬವನ್ನು ಹಿಂದೆ ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ಜಾಸೊ ಎಂಬ ಹೆಸರಿನ ಜೊತೆ ಎಫ್‌ಬಿ, ಎಫ್‌ಸಿ ಅಥವಾ ಎಫ್‌ಡಿ ಎಂದು ಇರಬೇಕು. ಜಾಸೊ ಎಂದರೆ ಜಪಾನಿನ ವಾಹನ ಮಾನದಂಡಗಳ ಸಂಸ್ಥೆ. ಟೂ ಸ್ಟ್ರೋಕ್ ಎಣ್ಣೆಯನ್ನು ಇಂಜಿನ್ನಿನಲ್ಲಿ ಓಡಿಸಿ, ಒಂದು ಮಾದರಿ ಎಣ್ಣೆಯ ಜೊತೆ ಹೋಲಿಸಿ ಅಂಕ ಕೊಡುವ ಪದ್ಧತಿ ಅವರದು. ಹೊಗೆಯ ಪರೀಕ್ಷೆಯಲ್ಲಿ ಅಂಕ ಹೆಚ್ಚಿದಷ್ಟೂ ಹೊಗೆ ಕಡಿಮೆ. ಎಫ್‌ಬಿ ದರ್ಜೆಗೆ 45 ಅಂಕ ಬಂದರೆ ಸಾಕು. ಎಫ್‌ಸಿಗೆ 85 ಬೇಕು. ವ್ಯತ್ಯಾಸ ಇಷ್ಟು ದೊಡ್ಡದು.

ಎಫ್‌ಡಿ ಇನ್ನೂ ಮೇಲಿನ ದರ್ಜೆಯಲ್ಲವೇ, ಅದರಲ್ಲಿ ಹೊಗೆ ಇನ್ನೂ ಕಡಿಮೆಯಲ್ಲವೇ ಎಂದು ಕೇಳುತ್ತೀರಿ. ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. ಆದರೆ ಹೊಗೆಯ ಮಟ್ಟಿಗೆ ಎಫ್‌ಡಿಗೂ ಬೇಕಾದದ್ದು ಅದೇ 85. ಎಫ್‌ಡಿ ಮುಂದಿರುವುದು ಸ್ವಚ್ಛತೆಯಲ್ಲಿ, ಅಂದರೆ ಪಿಸ್ಟನ್ ರಿಂಗಿಗೆ ಕಿಟ್ಟ ಕಟ್ಟದಂತೆ ನೋಡಿಕೊಳ್ಳುವುದರಲ್ಲಿ. ದಿನವಿಡೀ ಉರಿಬಿಸಿಲಲ್ಲಿ ಓಡುವ ಕಳೆ ಮಷಿನ್‌ಗೆ ಆ ಹೆಚ್ಚಿನ ಹಣ ಕೊಡುವುದು ಸಾರ್ಥಕ. ಭಾನುವಾರ ಮಾತ್ರ ಓಡುವ ಯೆಜ್ಡಿಗೆ ಎಫ್‌ಸಿ ಸಾಕು ಎಂಬುದು ನಮ್ಮ ಅಭಿಪ್ರಾಯ.

ದೋಣಿಯ ಇಂಜಿನ್ನಿಗೆಂದೇ ಮಾಡಿದ ಟಿಸಿ-ಡಬ್ಲ್ಯೂ 3 ಎಂಬ ಎಣ್ಣೆಯೂ ಅಂಗಡಿಯಲ್ಲಿ ಸಿಗಬಹುದು, ವಿಶೇಷವಾಗಿ ಮುಂಬಯಿ, ಚೆನ್ನೈ ಕಡೆ. ಅದು ಕೆಟ್ಟ ಎಣ್ಣೆಯಲ್ಲ. ಆದರೆ ಅದನ್ನು ಮಾಡಿರುವುದು ನೀರಿನಿಂದ ತಂಪಾಗುವ ಇಂಜಿನ್ನಿಗೆ. ನಿಮ್ಮ ಬೈಕು, ನಿಮ್ಮ ಮಷಿನ್ ಗಾಳಿಯಿಂದ ತಂಪಾಗುವಂಥವು, ಹೆಚ್ಚು ಬಿಸಿಯಾಗುತ್ತವೆ. ಅವಕ್ಕೆ ಬೇಡ. ಫೋರ್ ಸ್ಟ್ರೋಕ್ ಇಂಜಿನ್ ಆಯಿಲ್ ಅಂತೂ ಖಂಡಿತ ಬೇಡ. ಅದರಲ್ಲಿ ಸತು, ಕ್ಯಾಲ್ಸಿಯಂ ಮುಂತಾದವುಗಳ ಸಂಯುಕ್ತಗಳಿರುತ್ತವೆ. ಸುಟ್ಟಾಗ ಬೂದಿಯಾಗಿ ಪ್ಲಗ್ಗಿಗೂ ಪಿಸ್ಟನ್ನಿಗೂ ಅಂಟುತ್ತವೆ. ಗ್ಯಾರೇಜಿನಲ್ಲಿ ಬಸಿದ ಹಳೆಯ ಎಣ್ಣೆಯನ್ನು ಸೋಸಿ ಹಾಕುವವರೂ ಇದ್ದಾರೆ, ಅವರಿಗೆ ಏನು ಹೇಳೋಣ? ಇನ್ನು ಹರಳೆಣ್ಣೆ. ರೇಸಿನವರು ಹಿಂದೆ ಅದನ್ನೇ ಹಾಕುತ್ತಿದ್ದರು, ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಜಾರುವ ಗುಣ ಅದಕ್ಕೆ ಬೇಕಾದಷ್ಟಿದೆ. ಆದರೆ ಒಳಗೆಲ್ಲ ಅಂಟು ಕಟ್ಟುತ್ತದೆ. ರೇಸು ಮುಗಿದ ಮೇಲೆ ಇಂಜಿನ್ ಬಿಚ್ಚಿ ತೊಳೆಯುವವರಿಗೆ ಅದು ಸರಿ.

ಇಷ್ಟಾದರೂ ಡಬ್ಬದಿಂದ ಸಿಗುವ ಲಾಭ ಅರ್ಧ ಮಾತ್ರ. ಉಳಿದರ್ಧ ಅಳತೆಯಲ್ಲಿದೆ. ಹಳೆಯ ಸ್ಕೂಟರಿನ ದಿನಗಳನ್ನು ನೆನಪು ಮಾಡಿಕೊಳ್ಳಿ. ಪಂಪಿನ ಹುಡುಗ ಪೆಟ್ರೋಲ್ ಹಾಕಿ, ಪಕ್ಕದ ಪುಟ್ಟ ಡಬ್ಬಿಯಿಂದ ಕೈಯಲ್ಲೇ ಒತ್ತಿ ಎಣ್ಣೆ ಸುರಿಯುತ್ತಿದ್ದ. ನಾವು "ಇನ್ನೊಂಚೂರು ಹಾಕಪ್ಪಾ, ಇಂಜಿನ್ನಿಗೆ ಒಳ್ಳೇದು" ಎನ್ನುತ್ತಿದ್ದೆವು. ಆಮೇಲೆ ಸ್ಕೂಟರನ್ನು ಆಚೆ ಈಚೆ ಅಲುಗಾಡಿಸುವುದು. ದಕ್ಷಿಣ ಏಷ್ಯಾದ ನಗರಗಳ ಟೂ ಸ್ಟ್ರೋಕ್ ಗಾಡಿಗಳ ಬಗ್ಗೆ ವಿಶ್ವ ಬ್ಯಾಂಕ್ 2000ದಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಎತ್ತಿ ಹೇಳಿತ್ತು: ಎಣ್ಣೆ ಹೆಚ್ಚಾದರೆ ಇಂಜಿನ್ ಬಾಳಿಕೆ ಬರುತ್ತದೆಂಬ ನಂಬಿಕೆಯಿಂದ ಚಾಲಕರು ಬೇಕಾದ್ದಕ್ಕಿಂತ ಬಹಳ ಜಾಸ್ತಿ ಸುರಿಯುತ್ತಿದ್ದಾರೆ ಎಂದು. ದೆಹಲಿಯಲ್ಲಿ ಅದಕ್ಕೂ ಮೊದಲೇ, 1998ರ ಕೊನೆಗೆ, ಟೂಟಿ ಎಣ್ಣೆಯನ್ನು ಬಿಡಿಯಾಗಿ ಮಾರುವುದನ್ನು ನಿಲ್ಲಿಸಿ, ಪಂಪಿನಲ್ಲೇ ಅಳತೆಯಂತೆ ಬೆರೆಸಿ ಕೊಡುವ ವ್ಯವಸ್ಥೆ ತಂದರು. 1999ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಟೂಟಿ ಎಣ್ಣೆಗೆ ಎಫ್‌ಸಿಯೇ ಕನಿಷ್ಠ ದರ್ಜೆ ಎಂದಾಯಿತು.

ಎಣ್ಣೆ ಎರಡರಷ್ಟಾದರೆ ರಕ್ಷಣೆ ಎರಡರಷ್ಟಾಗುವುದಿಲ್ಲ. ಹೊಗೆ ಹೆಚ್ಚುತ್ತದೆ, ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರಿನಲ್ಲಿ ಕಿಟ್ಟ ತುಂಬುತ್ತದೆ, ಅಷ್ಟೇ. ಹಾಗೆಂದು ಹೊಗೆ ತಗ್ಗಿಸಲು ಎಣ್ಣೆಯನ್ನೇ ಕಡಿಮೆ ಮಾಡಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಇಂಜಿನ್ ಜಾಮ್ ಆಗುತ್ತದೆ. ಓಡುತ್ತಿರುವಾಗ ಹಾಗಾದರೆ ಹಿಂಬದಿಯ ಚಕ್ರ ಹಿಡಿದುಕೊಂಡು ಬೀಳುವ ಅಪಾಯವೂ ಉಂಟು. ಕಡಿಮೆ ಹೊಗೆಯ ಎಣ್ಣೆಯೆಂದರೆ ಕಡಿಮೆ ಹಾಕಬಹುದಾದ ಎಣ್ಣೆ ಎಂದಲ್ಲ.

ಲೆಕ್ಕ ಸುಲಭ. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. 40ಕ್ಕೆ 1 ಆದರೆ 25, 25ಕ್ಕೆ 1 ಆದರೆ 40. ಈಗಿನ ಹಲವು ಕಳೆ ಮಷಿನ್‌ಗಳಿಗೆ ಹೇಳುವುದು 50ಕ್ಕೆ 1. ಹಳೆಯ ಬೈಕುಗಳ ಕೈಪಿಡಿಯಲ್ಲಿ ಅಳತೆ ಹೆಚ್ಚಿರುತ್ತದೆ, ಅದು ಆ ಕಾಲದ ಎಣ್ಣೆಗೆ ಹೇಳಿದ್ದು. ಆದರೂ ಆ ಅಳತೆಯಿಂದ ಕೆಳಗಿಳಿಯುವ ಮೊದಲು ಅದೇ ಗಾಡಿಯಲ್ಲಿ ಕೈ ಪಳಗಿದ ಮೆಕ್ಯಾನಿಕ್ಕನ್ನು ಕೇಳಿ, ಮೇಲೇರಲಂತೂ ಹೋಗಬೇಡಿ. ಅಂದಾಜಿನ ಮೇಲೆ ಸುರಿಯಬೇಡಿ. ಕೆಮ್ಮಿನ ಸಿರಪ್ಪಿನ ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಪುಟ್ಟ ಲೋಟ ಸಾಕು, ಮತ್ತೆ ಔಷಧಕ್ಕೆ ಬಳಸಬೇಡಿ ಅಷ್ಟೇ. ಕ್ಯಾನಿಗೆ ಅರ್ಧ ಪೆಟ್ರೋಲ್, ಆಮೇಲೆ ಎಣ್ಣೆ, ಚೆನ್ನಾಗಿ ಕುಲುಕಿ ಉಳಿದ ಪೆಟ್ರೋಲ್. ಆರ್‌ಎಕ್ಸ್ 100ರಂಥ ಗಾಡಿಯಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್ ಇದ್ದು ಪಂಪು ತಾನೇ ಅಳೆದು ಕೊಡುತ್ತದೆ. ಅಲ್ಲಿ ನೋಡಬೇಕಾದದ್ದು ಪಂಪಿನ ಕೇಬಲ್ ಸರಿಯಾಗಿ ಹೊಂದಿದೆಯೇ ಎಂದು.

ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ. ಇದು ಹಳೆಯ ಬುದ್ಧಿವಾದವೇ, ಆದರೆ ಈಗ ಹೊಸ ಕಾರಣವೊಂದು ಸೇರಿಕೊಂಡಿದೆ. 2025ರ ಹೊತ್ತಿಗೆ ದೇಶದ ಬಹುತೇಕ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇದೆ. ಎಥೆನಾಲಿಗೆ ನೀರಿನ ಪಸೆ ಹೀರುವ ಗುಣ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಕ್ಯಾನಿಗೆ ನೀರು ಸೇರಿ ಹೆಚ್ಚಾಯಿತೆಂದರೆ ನೀರು ಮತ್ತು ಎಥೆನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಇಂಜಿನ್ ಎಳೆದುಕೊಳ್ಳುವುದು ತಳದಿಂದ! ಎಣ್ಣೆಯ ಹನಿಯೂ ಇಲ್ಲದ ಆ ದ್ರವ ಒಳಗೆ ಹೋದರೆ ಪಿಸ್ಟನ್ನಿನ ಗತಿ ಊಹಿಸಿಕೊಳ್ಳಿ. ಊರಿನಲ್ಲಿ ಕಳೆದ ವರ್ಷದ ಕ್ಯಾನಿನಿಂದಲೇ ಈ ವರ್ಷದ ಕಳೆ ಹೊಡೆಯುವ ಅಭ್ಯಾಸವಿದ್ದರೆ ಇಂದೇ ಫೋನ್ ಮಾಡಿ ಹೇಳಿ.

ಇನ್ನೊಂದು ಮಾತು ಮುಚ್ಚಿಡಬಾರದು. ಕಣ್ಣಿಗೆ ಕಾಣುವ ಹೊಗೆ ಕಡಿಮೆಯಾದರೆ ಗಾಡಿ ಶುದ್ಧವಾಯಿತು ಎಂದಲ್ಲ. ಟೂ ಸ್ಟ್ರೋಕ್ ಇಂಜಿನ್ನಿಗೆ ಹೋಗುವ ಪೆಟ್ರೋಲಿನಲ್ಲಿ ನೂರಕ್ಕೆ 15ರಿಂದ 40 ಭಾಗ ಸುಡದೆಯೇ ಹೊರಗೆ ಹೋಗುತ್ತದೆ. ಅದು ಕಾಣುವುದಿಲ್ಲ. ಇಂಗಾಲದ ಮಾನಾಕ್ಸೈಡೂ ಕಾಣುವುದಿಲ್ಲ. ಪೆಟ್ರೋಲ್ ಗಾಡಿಯ ಪಿಯುಸಿ ತಪಾಸಣೆಯಲ್ಲಿ ಅಳೆಯುವುದು ಈ ಕಾಣದವುಗಳನ್ನೇ ಹೊರತು ನೀಲಿ ಹೊಗೆಯನ್ನಲ್ಲ. ಆದ್ದರಿಂದ ಪಿಯುಸಿ ಚೀಟಿ ತೋರಿಸಿ ಅಕ್ಕಪಕ್ಕದವರ ಬಾಯಿ ಮುಚ್ಚಿಸುವುದೂ ನ್ಯಾಯವಲ್ಲ, ಹೊಗೆ ಹೋಯಿತೆಂದು ಮುಚ್ಚಿದ ಪಾರ್ಕಿಂಗಿನಲ್ಲಿ ಗಾಡಿ ಓಡಿಸಿ ನಿಲ್ಲಿಸಿಕೊಳ್ಳುವುದೂ ಸರಿಯಲ್ಲ.

ಎಣ್ಣೆ ಬದಲಾಯಿಸಿದ ಮೊದಲ ದಿನವೇ ಫಲ ನೋಡಬೇಡಿ. ಸೈಲೆನ್ಸರಿನೊಳಗೆ ವರ್ಷಗಳಿಂದ ಕುಳಿತ ಹಳೆಯ ಎಣ್ಣೆ ಬಿಸಿಯಾದಾಗಲೆಲ್ಲ ಹೊಗೆಯಾಗುತ್ತಲೇ ಇರುತ್ತದೆ. ಒಂದು ಟ್ಯಾಂಕ್ ಮುಗಿಯಲಿ, ಅಥವಾ ಸೈಲೆನ್ಸರ್ ಬಿಚ್ಚಿಸಿ ಕಿಟ್ಟ ತೆಗೆಸಿ. ತಣ್ಣಗಿದ್ದ ಇಂಜಿನ್ ಮೊದಲ ಒಂದೆರಡು ನಿಮಿಷ ಹೊಗೆ ಬಿಡುವುದು ಸಹಜ, ಚೋಕ್ ಎಳೆದದ್ದನ್ನು ಮರೆಯದೆ ಒಳಕ್ಕೆ ತಳ್ಳಿ. ಗಾಳಿಯ ಫಿಲ್ಟರ್ ಒಮ್ಮೆ ನೋಡಿ. ಇಷ್ಟೆಲ್ಲ ಆಗಿಯೂ, ಬಿಸಿಯಾದ ಮೇಲೂ ಹೊಗೆ ದಟ್ಟವಾಗಿಯೇ ಇದ್ದರೆ ತಪ್ಪು ನಿಮ್ಮ ಡಬ್ಬದ ಎಣ್ಣೆಯದಲ್ಲ. ಬೈಕುಗಳಲ್ಲಿ ಕ್ರ್ಯಾಂಕಿನ ಪಕ್ಕದ ರಬ್ಬರ್ ಆಯಿಲ್ ಸೀಲ್ ಹಳೆಯದಾಗಿ ಗಟ್ಟಿಯಾದರೆ, ಪಕ್ಕದ ಕೋಣೆಯ ಗಿಯರ್ ಆಯಿಲನ್ನು ಇಂಜಿನ್ ಒಳಗೆಳೆದು ಸುಡತೊಡಗುತ್ತದೆ. ಗುರುತು ಹಿಡಿಯುವುದು ಸುಲಭ: ನೆಲಕ್ಕೆ ಒಂದು ಹನಿ ಸೋರದೆ ಗಿಯರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ.

ಪುಣೆಯ ಮಿತ್ರರಿಗೆ ಇದನ್ನೇ ಬರೆದಿದ್ದೆವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅವರ ಗಾಡಿ ಅದಕ್ಕೂ ಹಿಂದಿನದು, ಅಷ್ಟು ವರ್ಷ ಯಾವ ರಬ್ಬರ್ ತಾನೇ ಮೆದುವಾಗಿರುತ್ತದೆ? ಅವರ ಉತ್ತರ ಬಂದಿದೆ. ಎಫ್‌ಸಿ ಎಣ್ಣೆ ಹಾಕಿ ಅಳತೆ ಸರಿಮಾಡಿದಾಗ ಹೊಗೆ ಸ್ವಲ್ಪ ಇಳಿಯಿತು. ಗಿಯರ್ ಆಯಿಲ್ ನೋಡಿದರೆ ಕಡಿಮೆಯಾಗಿತ್ತು. ಸೀಲ್ ಬದಲಾಯಿಸಿದ ಮೇಲೆ ಬಿಸಿ ಇಂಜಿನ್ನಿನ ಹಿಂದೆ ಹೊಗೆ ಹುಡುಕಬೇಕು, ಅಷ್ಟಾಗಿದೆ. ಸ್ಟಾರ್ಟ್ ಮಾಡುವಾಗಿನ ಮೊದಲ ಹೊಗೆ ಮಾತ್ರ ಇದ್ದೇ ಇದೆ. ಹಾಗಾಗಿ ಭಾನುವಾರ ಬೆಳಗ್ಗೆ ಅವರು ಗಾಡಿಯನ್ನು ಗೇಟಿನ ಹೊರಗೆ, ರಸ್ತೆಯ ತಿರುವಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆಯುತ್ತಾರಂತೆ. ಹೋದ ವಾರ ಹಿಂದಿನಿಂದ ತಳ್ಳಲು ಕಾರ್ಯದರ್ಶಿಗಳೂ ಕೈ ಕೊಟ್ಟರಂತೆ.